ಇರುವೆ ಬರೆದ ಅಕ್ಷರ

ಚಂದ್ರನ ದಕ್ಷಿಣ ಧ್ರುವದ ಹತ್ತಿರ, ಬಿಸಿಲೇ ಬೀಳದ ಒಂದು ದೊಡ್ಡ ಕುಳಿಯ ಅಂಚಿನಲ್ಲಿ ಮೂರು ಜನ ವಾಸವಾಗಿದ್ದರು. ಇಬ್ಬರು ವಿಜ್ಞಾನಿಗಳು, ಒಬ್ಬ ಮೆಕ್ಯಾನಿಕ್. ಕುಳಿಯ ತಳದಲ್ಲಿದ್ದ ಹಿಮವನ್ನು ಕೆರೆದು ನೀರು ಮಾಡುವುದು ಅವರ ಕೆಲಸ. ಅವರು ಎಷ್ಟು ಹೊತ್ತು ಮಲಗಿದರು, ಉಸಿರಾಡುವ ಗಾಳಿ ಹೇಗಿದೆ, ಯಾವ ಯಂತ್ರ ಎಷ್ಟು ಬಿಸಿಯಾಗಿದೆ ಎಂಬುದನ್ನೆಲ್ಲ ಭೂಮಿಯಿಂದ ನೋಡಿಕೊಳ್ಳುತ್ತಿದ್ದದ್ದು ಚಿತ್ರದುರ್ಗದಿಂದ ಮೂವತ್ತು ಕಿಲೋಮೀಟರ್ ದೂರದ ಕಣಿವೆಹಟ್ಟಿ ಬಯಲಿನ ನಿಯಂತ್ರಣ ಕೊಠಡಿ. ಅಲ್ಲಿ ಬೆಳಗಿನ ಪಾಳಿಯ ಸಂಪರ್ಕ ಎಂಜಿನಿಯರ್ ಯಶೋಧರ.

ಜನವರಿಯ ಒಂದು ಗುರುವಾರ ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಅವನ ಮುಂದಿದ್ದ ಹದಿನಾಲ್ಕು ಪರದೆಗಳಲ್ಲಿ ಹದಿಮೂರು ಒಟ್ಟಿಗೆ ಕಪ್ಪಾದವು.

ಸೂರ್ಯನಿಂದ ಬಿರುಗಾಳಿ ಹೊರಟಿದೆಯೆಂದು ಎರಡು ದಿನದಿಂದ ಗೊತ್ತಿತ್ತು. ಇಷ್ಟು ಜೋರಾಗಿರುತ್ತದೆಂದು ಯಾರೂ ಎಣಿಸಿರಲಿಲ್ಲ. ನಿಯಮದಂತೆ ಮೂವರೂ ದಪ್ಪ ಗೋಡೆಯ ಆಶ್ರಯ ಕೋಣೆಯೊಳಗೆ ಇರಬೇಕಿತ್ತು. ಯಂತ್ರದ ಕೋಣೆಯಲ್ಲಿ ಯಾವುದೋ ಗಂಟೆ ಹೊಡೆದುಕೊಂಡಿತೆಂದು ಮೆಕ್ಯಾನಿಕ್ ತಿಪ್ಪೇಶ ಐದು ನಿಮಿಷದ ಮಟ್ಟಿಗೆ ಹೊರಬಂದಿದ್ದ. ಅಷ್ಟರಲ್ಲಿ ಮುಖ್ಯ ಕಂಪ್ಯೂಟರ್ ಸುಟ್ಟುಹೋಯಿತು, ವಿದ್ಯುತ್ ಫಲಕ ಸಿಡಿಯಿತು, ಆಶ್ರಯ ಕೋಣೆಯ ಬಾಗಿಲು ತಾನಾಗಿಯೇ ಬೀಗ ಹಾಕಿಕೊಂಡಿತು. ಒಳಗಿದ್ದ ಇಬ್ಬರಿಗೆ ಗಾಳಿ ಕೊಡುತ್ತಿದ್ದ ಪಂಪು ನಿಂತಿತು. ಆ ಪಂಪನ್ನು ಮತ್ತೆ ಚಾಲೂ ಮಾಡಲು ಹೊರಗಿನಿಂದ ಹನ್ನೊಂದು ಹೆಜ್ಜೆಗಳಿದ್ದವು. ಒಂಬತ್ತು ಹಿಡಿಕೆಗಳನ್ನು ಸರಿಯಾದ ಕ್ರಮದಲ್ಲಿ ಮುಚ್ಚಿ, ಬಿಚ್ಚಿ, ಕೊನೆಗೆ ಪಂಪನ್ನು ಕೈಯಿಂದಲೇ ತಿರುಗಿಸಬೇಕು. ಕ್ರಮ ತಪ್ಪಿದರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಹದಿನೈದು ದಿನದ ಹಿಂದೆ ಹಳೆಯ ಪಂಪು ತೆಗೆದು ಹೊಸದನ್ನು ಕೂರಿಸಿದ್ದರು. ಆಗ ತಿಪ್ಪೇಶ ಕುಳಿಯ ತಳದಲ್ಲಿ ಹಿಮ ಕೆರೆಯುವ ಯಂತ್ರದ ಹತ್ತಿರವಿದ್ದ. ಹಳೆಯ ಕ್ರಮ ಅವನಿಗೆ ಬಾಯಿಪಾಠ. ಹೊಸದು ಗೊತ್ತಿರಲಿಲ್ಲ. ಅದು ಬರೆದಿದ್ದದ್ದು ಸುಟ್ಟುಹೋದ ಕಂಪ್ಯೂಟರಿನಲ್ಲಿ.

ಉರಿಯುತ್ತಿದ್ದ ಹದಿನಾಲ್ಕನೆಯ ಪರದೆ ತುರ್ತು ಮಾರ್ಗದ್ದು. ಸೆಕೆಂಡಿಗೆ ಮೂರು ಬೈಟ್ ಮಾತ್ರ ಸಾಗಿಸುವ ಮಾರ್ಗ ಅದು. ಒಂದು ಸಾಲು ಕಳಿಸುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿಯಬಹುದು. ಅಲ್ಲಿಂದ ಇಲ್ಲಿಗೆ ಅದು ಮೂರೇ ಸಂಗತಿ ಹೇಳುತ್ತಿತ್ತು: ಆಶ್ರಯ ಕೋಣೆಯ ಗಾಳಿಯ ಒತ್ತಡ, ವಿದ್ಯುತ್ತಿನ ಮಟ್ಟ, ಮತ್ತು ಆಟದ ಪೆಟ್ಟಿಗೆಯ ಮೇಲೆ ಯಾವ ಗುಂಡಿ ಒತ್ತಲಾಗಿದೆ ಎಂಬುದು.

ಆಟದ ಪೆಟ್ಟಿಗೆ ಎನ್ನುವುದು ಬೇಸರ ಕಳೆಯಲು ಇಟ್ಟಿದ್ದ ಒಂದು ಸಣ್ಣ ಯಂತ್ರ. ‘ಗೋಲಿ’ ಎಂಬ ಭಾಷೆಯಲ್ಲಿ ಕಟ್ಟಿದ ಆಟಗಳು ಅದರಲ್ಲಿ ನಡೆಯುತ್ತಿದ್ದವು. ಮನೆಯವರು ಭಾನುವಾರಗಳಂದು ಹೊಸ ಹೊಸ ಆಟ ಮಾಡಿ ಕಳಿಸುತ್ತಿದ್ದರು. ಮುಖ್ಯ ಮಾರ್ಗ ವಿಜ್ಞಾನಕ್ಕೆ ಮೀಸಲಾದ್ದರಿಂದ ಆಟಗಳೆಲ್ಲ ಈ ತುರ್ತು ಮಾರ್ಗದಲ್ಲೇ ನಿಧಾನವಾಗಿ ಹತ್ತಿ ಹೋಗುತ್ತಿದ್ದವು. ಪೆಟ್ಟಿಗೆಯ ಮೆಮೊರಿ ಚಿಪ್ ಹಳೆಯ ಕಾಲದ್ದು, ದಪ್ಪನೆಯದು. ಅದಕ್ಕೇ ಬಿರುಗಾಳಿಗೆ ಜಗ್ಗಿರಲಿಲ್ಲ.

“ಹಾಗಾದರೆ ಅದರ ತೆರೆಯ ಮೇಲೆ ಹನ್ನೊಂದು ಹೆಜ್ಜೆಯನ್ನೂ ಬರೆದು ಕಳಿಸಿ” ಎಂದರು ಕೊಠಡಿಯ ಮುಖ್ಯಸ್ಥೆ ಪದ್ಮಜಾ.

“ಅಕ್ಷರವೇ ಇಲ್ಲ ಮೇಡಂ. ಪೆಟ್ಟಿಗೆ ಅಕ್ಷರದ ರೂಪಗಳನ್ನ ಮುಖ್ಯ ಕಂಪ್ಯೂಟರಿನಿಂದ ತಗೊಳ್ತಿತ್ತು. ಈಗ ಕನ್ನಡ ಕಳಿಸಿದರೂ ಖಾಲಿ ಚೌಕ, ಇಂಗ್ಲಿಷ್ ಕಳಿಸಿದರೂ ಖಾಲಿ ಚೌಕ. ಆಟದ ಅಂಕ ತೋರಿಸೋಕೆ ಅಂತ ಒಂದರಿಂದ ಒಂಬತ್ತು, ಸೊನ್ನೆ, ಇಷ್ಟು ಮಾತ್ರ ಒಳಗೇ ಇದೆ.”

ಹಿಡಿಕೆಗಳಿಗೂ ಒಂದರಿಂದ ಒಂಬತ್ತರವರೆಗೆ ಸಂಖ್ಯೆ ಇತ್ತು. ಅಂಕಿಯಿಂದಲೇ ಪ್ರಯತ್ನ ಮಾಡೋಣ ಎಂದಾಯಿತು. ಯಶೋಧರ 8 ಎಂದು ಕಳಿಸಿದ. ‘ಹೌದು’ ಗುಂಡಿ ಒತ್ತಿದ ಸುದ್ದಿ ಬಂತು. ಬೆನ್ನಿಗೇ ಗಾಳಿಯ ಒತ್ತಡ ಸರ್ರನೆ ಇಳಿಯತೊಡಗಿತು. ತಿಪ್ಪೇಶ ತಿರುಗಿಸಿದ್ದು ಎಂಟನ್ನಲ್ಲ, ಮೂರನ್ನು. ಗಾಳಿ ಹೋಗುವ ಸದ್ದು ಕೇಳಿ ಅವನೇ ಮತ್ತೆ ಮುಚ್ಚಿರಬೇಕು, ಮುಳ್ಳು ನಿಂತಿತು. ಅಷ್ಟರಲ್ಲಿ ಒಳಗಿದ್ದವರ ಗಾಳಿಯಲ್ಲಿ ಒಂದೂವರೆ ಗಂಟೆಯ ಪಾಲು ಹೋಗಿತ್ತು. ಸಂಜೆ ನಾಲ್ಕರವರೆಗೆ ಸಾಲುತ್ತಿದ್ದದ್ದು ಈಗ ಎರಡೂವರೆಗೆ ಮುಗಿಯುತ್ತದೆ.

ಪದ್ಮಜಾ ಗಡಿಯಾರ ನೋಡಿದರು. ಆಮೇಲೆ, “ಅಂಕಿ ಬೇಡ. ಮಾತೇ ಬೇಕು. ಅಕ್ಷರದ ಚಿತ್ರ ತೆಗೆದು ಕಳಿಸಿದರೆ?” ಎಂದರು.

ಯಶೋಧರ ಆಗಲೇ ಲೆಕ್ಕ ಹಾಕಿದ್ದ. ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಒಂದು ಅಕ್ಷರದ ಚಿತ್ರ ಕಳಿಸಲು ಏಳು ನಿಮಿಷ. ಹನ್ನೊಂದು ಹೆಜ್ಜೆಗೆ ಒಂದು ದಿನ ಹತ್ತಿರ. ಅವನು ಗೋಲಿಯ ಸಹಾಯ ಪುಟಗಳನ್ನು ತೆರೆದು ಕೂತ. ಕೊನೆಯ ಪುಟದ ಅಡಿಯಲ್ಲಿ ಗೋಲಿ ಮಾಡಿದವರ ಹೆಸರಿತ್ತು: ಸೌದಾಮಿನಿ, ಕಂಪ್ಯೂಟರ್ ಶಿಕ್ಷಕಿ, ಚಿತ್ರದುರ್ಗ. ಫೋನ್ ನಂಬರು ಹಳೆಯದು, ಹತ್ತಲಿಲ್ಲ. ಪೊಲೀಸ್ ಠಾಣೆಯವರು ಹತ್ತು ನಿಮಿಷದಲ್ಲಿ ವಿಳಾಸ ಹುಡುಕಿ ಕೊಟ್ಟರು.

“ನೀವೇ ಹೋಗಿ” ಎಂದರು ಪದ್ಮಜಾ. “ದಾರಿಯಲ್ಲೇ ತಿಪ್ಪೇಶನ ಹೆಂಡತಿಗೂ ವಿಷಯ ಹೇಳಿ. ಫೋನಿನಲ್ಲಿ ಹೇಳೋದು ಬೇಡ.”

*

ಚಳ್ಳಕೆರೆ ಟೋಲ್‌ಗೇಟಿನ ಹತ್ತಿರ ತಿಪ್ಪೇಶನದೊಂದು ವೆಲ್ಡಿಂಗ್ ಶಾಪಿತ್ತು. ಅವನು ಚಂದ್ರನಿಗೆ ಹೋದ ಮೇಲೆ ಹೆಂಡತಿ ಜಯಶೀಲಳೇ ನಡೆಸುತ್ತಿದ್ದಳು. ಜೀಪು ನಿಂತಾಗ ಅವಳು ಒಂದು ಗೇಟಿನ ಮೂಲೆ ಕೂಡಿಸುತ್ತಿದ್ದಳು. ಮುಖಕ್ಕೆ ಹಿಡಿದಿದ್ದ ಕಪ್ಪು ಗಾಜಿನ ತಟ್ಟೆ ಇಳಿಸಿ, ಜೀಪಿನ ಮೇಲಿದ್ದ ಚಂದ್ರನ ಗುರುತು ನೋಡಿದ್ದೇ ಮೆಷಿನ್ ಆಫ್ ಮಾಡಿದಳು.

ಯಶೋಧರ ಎಲ್ಲವನ್ನೂ ಇದ್ದಂತೆ ಹೇಳಿದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಎಂಟರ ಬದಲು ಮೂರು ತಿರುಗಿಸಿದ ಎಂದಾಗ ಮಾತ್ರ ತಲೆ ಎತ್ತಿದಳು.

“ಎಂಟನ್ನ ಮೂರು ಅಂತ ಓದವ್ರಾ?”

“ಹೌದಮ್ಮ.”

“ಕಣ್ಣಿಗೆ ಬೆಳಕು ಹೊಡ್ದೈತೆ ಸಾರ್. ಗ್ಲಾಸ್ ಇಲ್ದೆ ವೆಲ್ಡಿಂಗ್ ನೋಡಿದ್ರೆ ಹಂಗೇ ಆಗದು. ನಿಂತಿರೋ ಗೆರೆ ಒಂದೂ ನಿಲ್ಲಲ್ಲ, ಕಲಸ್ಕೊಂಡು ಹೋಗ್ತೈತೆ. ಫಲಕ ಸಿಡೀತು ಅಂದ್ರಲ್ಲ, ಅದ್ರ ಎದುರಿಗೇ ನಿಂತಿರ್ಬೇಕು ಅವ್ರು.”

ನಿಯಂತ್ರಣ ಕೊಠಡಿಯ ಹನ್ನೆರಡು ಜನ ಎಂಜಿನಿಯರುಗಳಿಗೆ ಒಂದು ಗಂಟೆಯಿಂದ ಹೊಳೆಯದೇ ಇದ್ದದ್ದು ಅದು. ಯಶೋಧರ ಅದನ್ನು ಆಗಲೇ ಫೋನಿನಲ್ಲಿ ಪದ್ಮಜಾಗೆ ತಿಳಿಸಿದ. ಅವನು ಫೋನ್ ಇಡುವಷ್ಟರಲ್ಲಿ ಜಯಶೀಲ ಕೈಗವಸು ತೆಗೆದು, ಶಟರ್ ಎಳೆದು, ಜೀಪಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ಸೌದಾಮಿನಿ ಟೀಚರ್ ಮನೆ ಜೋಗಿಮಟ್ಟಿ ರಸ್ತೆಯಲ್ಲಿತ್ತು. ಅರವತ್ತಮೂರು ವರ್ಷದ, ಗಿಡ್ಡನೆಯ, ದಪ್ಪ ಕನ್ನಡಕದ ಹೆಂಗಸು. ಜಗಲಿಯ ಮೇಲೆ ಗಂಡನ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಯಶೋಧರ ನಿಂತುಕೊಂಡೇ ವಿಷಯ ಹೇಳಿದ. ಚಂದ್ರನ ಮೇಲೆ ತಮ್ಮ ಗೋಲಿ ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅದಕ್ಕೆ ಆಶ್ಚರ್ಯಪಡುತ್ತಾ ಕೂರಲಿಲ್ಲ.

“ಇರುವೆ ಇದೆಯಾ ಅದರಲ್ಲಿ?” ಎಂದು ಕೇಳಿದರು.

“ಇರುವೆ?”

“ಮಕ್ಕಳು ರಂಗೋಲಿ ಬಿಡಿಸಲಿ ಅಂತ ಒಂದು ಇರುವೆ ಇಟ್ಟಿದ್ದೆ. ಅದಕ್ಕೆ ಎಂಟೇ ಮಾತು ಗೊತ್ತು. ನಡಿ, ತಿರುಗು, ಸುತ್ತು, ಎತ್ತು, ಇಳಿಸು, ದಪ್ಪ, ತುಂಬು, ನಿಲ್ಲು. ಹೇಳಿದ ದಾರಿಯಲ್ಲಿ ನಡ್ಕೊಂಡು ಹೋಗುತ್ತೆ, ಹೋದ ಕಡೆ ಗೆರೆ ಬಿಡುತ್ತೆ. ಒಂದೊಂದು ಮಾತಿಗೆ ಒಂದೊಂದೇ ಬೈಟು.”

ಯಶೋಧರನಿಗೆ ತಟ್ಟನೆ ಅರ್ಥವಾಯಿತು. “ಅಂದರೆ ಅಕ್ಷರದ ಚಿತ್ರ ಕಳಿಸೋದು ಬೇಡ. ದಾರಿ ಕಳಿಸಿದರೆ ಸಾಕು.”

“ಕನ್ನಡ ಅಕ್ಷರ ಅಂದರೆ ಸುತ್ತೇ ಅಲ್ವೇನಪ್ಪ. ನಮ್ಮ ಇರುವೆಗೆ ಸುತ್ತೋದು ಚೆನ್ನಾಗಿ ಬರುತ್ತೆ.”

ಅವರು ಎದ್ದು ಸೆರಗಿಗೆ ಕೈ ಒರೆಸಿಕೊಂಡರು. ನಿವೃತ್ತ ಬಸ್ ಕಂಡಕ್ಟರ್ ಆಗಿದ್ದ ಗಂಡ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡು, “ಇದನ್ನ ನಾನು ಮುಗಿಸ್ತೀನಿ. ಸ್ವೆಟರ್ ಹಾಕ್ಕೊಂಡು ಹೋಗು, ಅಲ್ಲಿ ಎ.ಸಿ. ಇರುತ್ತೆ” ಎಂದರು.

ಜೀಪಿನಲ್ಲಿ ದಾರಿಯುದ್ದಕ್ಕೂ ಸೌದಾಮಿನಿ ಬಲಗೈ ಬೆರಳಿನಿಂದ ತಮ್ಮ ಮೊಣಕಾಲಿನ ಮೇಲೆ ಬರೆಯುತ್ತಿದ್ದರು. ನಡುನಡುವೆ ತಮ್ಮಷ್ಟಕ್ಕೆ ಎಣಿಸುವುದು ಕೇಳಿಸುತ್ತಿತ್ತು. “ರ ಏಳು. ಡ ಹತ್ತು. ಮ ಹನ್ನೆರಡು... ಇಲ್ಲ, ಹನ್ನೊಂದಕ್ಕೆ ಆಗುತ್ತೆ.” ಯಶೋಧರ ಹತ್ತು ವರ್ಷದಿಂದ ಕಂಪ್ಯೂಟರಿನಲ್ಲಿ ಕನ್ನಡ ಬಳಸುತ್ತಿದ್ದ. ಅಕ್ಷರವೆಂದರೆ ಅವನಿಗೆ ಒಂದು ಸಂಖ್ಯೆ. ಆ ಸಂಖ್ಯೆಗೆ ಯಾವ ರೂಪ ಎಂದು ಬೇರೆ ಯಾರೋ ಎಂದೋ ತೀರ್ಮಾನಿಸಿರುತ್ತಾರೆ. ಅದನ್ನು ಹೀಗೆ ಹೆಜ್ಜೆ ಹೆಜ್ಜೆಯಾಗಿ, ತಿರುವು ತಿರುವಾಗಿ ಬಲ್ಲವರನ್ನು ಅವನು ನೋಡಿದ್ದು ಅದೇ ಮೊದಲು.

*

ಹನ್ನೊಂದೂ ಇಪ್ಪತ್ತಕ್ಕೆ ಸೌದಾಮಿನಿ ಹದಿನಾಲ್ಕನೆಯ ಪರದೆಯ ಮುಂದೆ ಕೂತರು. ಜಯಶೀಲಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಅಲ್ಲಿ ಕೂರದೆ ಅವಳು ಟೀಚರ ಕುರ್ಚಿಯ ಬೆನ್ನು ಹಿಡಿದು ನಿಂತಳು.

ಮೊದಲು ‘ತಿಪ್ಪೇಶ’ ಎಂದು ಕಳಿಸೋಣ, ಓದಲು ಬಂದರೆ ಮುಂದಿನದು ಎಂದುಕೊಂಡರು. ಮೂರು ಅಕ್ಷರಕ್ಕೆ ನಲವತ್ತೊಂದು ಬೈಟು. ಕಳಿಸಿ ಹದಿನಾಲ್ಕು ಸೆಕೆಂಡು ಕಾದರು. ಬಂದದ್ದು ‘ಇಲ್ಲ’ ಗುಂಡಿ. ಗೆರೆ ದಪ್ಪ ಮಾಡಿ ಮತ್ತೆ ಕಳಿಸಿದರು. ‘ಇಲ್ಲ’. ತೆರೆ ತುಂಬ ಒಂದೊಂದೇ ಅಕ್ಷರ ಬರುವಂತೆ ಮಾಡಿ ಕಳಿಸಿದರು. ಆಗಲೂ ‘ಇಲ್ಲ’. ಗಡಿಯಾರ ಹನ್ನೊಂದೂ ಮುಕ್ಕಾಲು ದಾಟಿತ್ತು.

“ಇದು ತೆರೆ ಮೇಲೆ ಹೆಂಗೆ ಬರ್ತೈತೆ, ಒಂಚೂರು ತೋರಿಸ್ರಿ” ಎಂದಳು ಜಯಶೀಲ.

ಯಶೋಧರ ಅಂಥದ್ದೇ ಇನ್ನೊಂದು ಪೆಟ್ಟಿಗೆಯಲ್ಲಿ ತೋರಿಸಿದ. ಖಾಲಿ ತೆರೆ, ಆಮೇಲೆ ಒಮ್ಮೆಗೇ ಪೂರ್ತಿ ಅಕ್ಷರ. ಆಟಗಳಲ್ಲಿ ಚಿತ್ರವನ್ನು ಮರೆಯಲ್ಲಿ ಬಿಡಿಸಿ, ಪೂರ್ತಿಯಾದ ಮೇಲೆ ತೆರೆಗೆ ತರುವುದು ವಾಡಿಕೆ. ಇಲ್ಲದಿದ್ದರೆ ಮಿನುಗುತ್ತದೆ. ಅವನೂ ಅದೇ ರೂಢಿಯಲ್ಲಿ ಮಾಡಿದ್ದ.

“ಬರೆದು ಮುಗಿದಿದ್ದು ಅವ್ರಿಗೆ ಕಾಣಲ್ಲ” ಎಂದಳು ಅವಳು. “ನಂಗೂ ಒಂದ್ಸಲ ಎರಡು ದಿನ ಕಣ್ಣು ಹೋಗಿತ್ತು. ಗೋಡೆ ಮೇಲಿನ ಕ್ಯಾಲೆಂಡರ್ ಗೊತ್ತಾಗ್ತಿರ್ಲಿಲ್ಲ. ಪಕ್ಕದಲ್ಲಿ ಅವ್ರು ಗ್ರೈಂಡರ್ ಹಿಡಿದ್ರೆ ಕಿಡಿ ಎತ್ಲಾಗ್ ಹಾರ್ತೈತೆ ಅಂತ ಮಾತ್ರ ಚೆನ್ನಾಗಿ ಗೊತ್ತಾಗೋದು. ಓಡೋದು ಕಾಣ್ತೈತೆ. ನಿಂತಿರೋದು ಕಾಣಲ್ಲ.”

ಸೌದಾಮಿನಿ ಕನ್ನಡಕ ತೆಗೆದು ಅವಳನ್ನೇ ನೋಡಿದರು. ತಿರುಗಿ ಯಶೋಧರನಿಗೆ, “ಮರೆ ತೆಗೆದುಬಿಡಪ್ಪ. ಇರುವೆ ನಡೆಯೋದೇ ಕಾಣಲಿ. ಇರುವೆಯನ್ನ ಕಿಡಿ ಮಾಡು, ಬಿಳೀದು, ಉರಿಯೋ ಹಂಗೆ. ಹಿಂದೆ ಬಿಡೋ ಗೆರೆ ಮಂಕಾಗಿರಲಿ” ಎಂದರು.

ಮಾರ್ಗ ನಿಧಾನವಾಗಿರುವುದೇ ಈಗ ಅನುಕೂಲವಾಯಿತು. ಸೆಕೆಂಡಿಗೆ ಮೂರು ಹೆಜ್ಜೆಯಂತೆ ಕಿಡಿ ನಡೆಯುತ್ತದೆ. ಕೈ ಹಿಡಿದು ಬರೆಸಿದಷ್ಟೇ ವೇಗ.

ಬೈಟು ಉಳಿಸಲು ಯಶೋಧರ ಒಂದು ಉಪಾಯ ಹೇಳಿದ. ‘ಪ’ ಅಕ್ಷರವನ್ನು ಬಲಗಡೆಯಿಂದ ಶುರು ಮಾಡಿದರೆ ಎರಡು ಹೆಜ್ಜೆ ಕಡಿಮೆಯಾಗುತ್ತಿತ್ತು. ಸೌದಾಮಿನಿ ಒಪ್ಪಲಿಲ್ಲ.

“ಒಂದನೇ ಕ್ಲಾಸಿನಲ್ಲಿ ತಿದ್ದಿಸಿದ ಹಾಗೇ ನಡೀಬೇಕು. ಅವನು ಕಣ್ಣಿಂದ ಓದಲ್ಲಪ್ಪ ಈಗ. ಬೆರಳಿಗೆ ಗೊತ್ತಿರೋ ದಾರಿ ಬಿಟ್ಟು ಹೋದರೆ ದಿಕ್ಕು ತಪ್ತಾನೆ.”

ಆಮೇಲೆ ತಿಪ್ಪೇಶನೇ ಹೇಳಿದ ಪ್ರಕಾರ ಅಲ್ಲಿ ಆದದ್ದೂ ಅದೇ. ಕೆಂಪು ತುರ್ತು ದೀಪದ ಮಬ್ಬಿನಲ್ಲಿ, ನೀರು ಸುರಿಯುವ ಕಣ್ಣಿಗೆ ಪೆಟ್ಟಿಗೆಯ ತೆರೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಒಂದು ಬಿಳಿ ಚುಕ್ಕೆ ಓಡತೊಡಗಿತು. ಅವನು ಯೋಚನೆಯಿಲ್ಲದೆ ತೋರುಬೆರಳು ಅದರ ಮೇಲಿಟ್ಟ. ಚುಕ್ಕೆ ಹೋದಲ್ಲೆಲ್ಲ ಬೆರಳೂ ಹೋಯಿತು. ಸ್ಲೇಟಿನ ಮೇಲೆ ತಿದ್ದಿದ ದಾರಿ ಅದು. ಎರಡು ಅಕ್ಷರ ಮುಗಿಯುವಷ್ಟರಲ್ಲಿ, ತನ್ನ ಹೆಸರನ್ನು ತಾನೇ ಬರೆಯುತ್ತಿದ್ದೇನೆಂದು ಅವನಿಗೆ ತಿಳಿಯಿತು.

ಕಣಿವೆಹಟ್ಟಿಯ ಪರದೆಯ ಮೇಲೆ ‘ಹೌದು’ ಗುಂಡಿ ಮೂಡಿತು. ಒಂದೇ ಸಲ ಅಲ್ಲ, ಐದಾರು ಸಲ. ಅಲ್ಲಿಯವರೆಗೆ ನಿಂತೇ ಇದ್ದ ಜಯಶೀಲ ನೆಲದ ಮೇಲೆ ಕೂತುಬಿಟ್ಟಳು. ಯಾರೋ ನೀರು ತಂದುಕೊಟ್ಟರು.

ಹೆಜ್ಜೆಗಳನ್ನು ಕಳಿಸುವ ಮುನ್ನ ಸೌದಾಮಿನಿ ಇನ್ನೊಂದು ಕೆಲಸ ಮಾಡಿದರು. ಹನ್ನೊಂದು ಹೆಜ್ಜೆಯಲ್ಲೂ ಮತ್ತೆ ಮತ್ತೆ ಬರುವ ಮಾತು ಎರಡು: ‘ಮುಚ್ಚು’, ‘ಬಿಚ್ಚು’. ಎರಡರಲ್ಲೂ ಅರ್ಧ ಒಂದೇ. ಒಂದನ್ನು ಇನ್ನೊಂದೆಂದು ತಿಳಿದರೆ ಇಬ್ಬರ ಪ್ರಾಣ ಹೋಗುತ್ತದೆ. ಅವರು ಎರಡಕ್ಕೂ ಬೇರೆ ಬೇರೆ ಶೈಲಿ ಕೊಟ್ಟರು. ‘ಮುಚ್ಚು’ ಬರೆಯುವಾಗ ಕಿಡಿ ದಪ್ಪ. ಬರೆದು ಮುಗಿದ ಕೂಡಲೇ ಅಕ್ಷರದ ಹೊಟ್ಟೆಯೆಲ್ಲ ತುಂಬಿಕೊಂಡು ತೆರೆ ಬೆಳ್ಳಗಾಗುತ್ತದೆ. ‘ಬಿಚ್ಚು’ ಬರೆಯುವಾಗ ಕಿಡಿ ತೆಳು; ಅಕ್ಷರ ಟೊಳ್ಳು; ಮುಗಿದ ಮೇಲೆ ತೆರೆ ಕತ್ತಲೆ.

“ಅಕ್ಷರ ತಪ್ಪಿದರೂ ಬೆಳಕು ತಪ್ಪಬಾರದು” ಎಂದರು.

ಪದ್ಮಜಾ ಟೀಚರ ಹಿಂದೆಯೇ ನಿಂತು ನೋಡುತ್ತಿದ್ದರು. ಮೂವತ್ತು ವರ್ಷದಲ್ಲಿ ಏಳು ಯಾನಗಳನ್ನು ನಡೆಸಿದ ಹೆಂಗಸು. ಅವರು ಹೋಗಿ, ತಮ್ಮ ಕುರ್ಚಿಯ ದಿಂಬು ತಂದು ಟೀಚರ ಬೆನ್ನಿಗೆ ಇಟ್ಟರು.

ಹನ್ನೆರಡೂ ಹತ್ತಕ್ಕೆ ಮೊದಲ ಹೆಜ್ಜೆ ಹೋಯಿತು. ‘ಎಡದಿಂದ ಎಂಟು ಮುಚ್ಚು’. ಅಂಕಿಯಲ್ಲ, ಮಾತಿನಲ್ಲಿ ಎಂಟು. ಅವನು ಹಿಡಿಕೆಗಳನ್ನು ಕೈಯಿಂದ ಮುಟ್ಟಿ ಎಣಿಸಿಕೊಂಡು, ತಿರುಗಿಸಿ, ವಾಪಸು ಬಂದು ಗುಂಡಿ ಒತ್ತಬೇಕು. ಎಲ್ಲರೂ ಗಾಳಿಯ ಒತ್ತಡದ ಮುಳ್ಳನ್ನೇ ನೋಡುತ್ತಿದ್ದರು. ಅದು ಕದಲಲಿಲ್ಲ. ನಾಲ್ಕು ನಿಮಿಷಕ್ಕೆ ‘ಹೌದು’ ಬಂತು. ಎರಡನೆಯದು, ಮೂರನೆಯದು. ಒಂದೊಂದು ಹೆಜ್ಜೆಗೂ ಸೌದಾಮಿನಿ ಕಂಪ್ಯೂಟರಿಗೆ ಜೋಡಿಸಿದ ಬರೆಯುವ ಹಲಗೆಯ ಮೇಲೆ ಕೈಯಿಂದ ಬರೆಯುತ್ತಿದ್ದರು. ಯಶೋಧರ ಅದನ್ನು ಇರುವೆಯ ಹೆಜ್ಜೆಗಳಾಗಿ ಒಡೆದು ಸರಿನೋಡಿ ಬಿಡುತ್ತಿದ್ದ. ನಾಲ್ಕನೆಯ ಹೆಜ್ಜೆಯ ಹೊತ್ತಿಗೆ ತಿಪ್ಪೇಶನಿಗೆ ತುಂಬಿದ್ದು, ಟೊಳ್ಳು ಎರಡರ ಗುಟ್ಟೂ ತಿಳಿದಿರಬೇಕು. ಉತ್ತರಗಳು ಬೇಗ ಬೇಗ ಬರತೊಡಗಿದವು.

ಏಳನೆಯ ಹೆಜ್ಜೆಗೆ ‘ಇಲ್ಲ’ ಬಂತು.

ಕಾಣಲಿಲ್ಲವೇನೋ ಎಂದು ಮತ್ತೆ ಕಳಿಸಿದರು. ಮತ್ತೆ ‘ಇಲ್ಲ’. ಮೂರನೆಯ ಸಲ ಕಿಡಿ ಪೂರ್ತಿ ಬರೆಯುವವರೆಗೂ ಅವನು ಕಾಯದೆ ‘ಇಲ್ಲ’ ಒತ್ತಿದ. ಒಂದು ಗಂಟೆ ಇಪ್ಪತ್ತು ನಿಮಿಷವಾಗಿತ್ತು.

“ಓದೋಕೆ ಬಂದಿಲ್ಲ ಅಂತಲ್ಲ” ಎಂದ ಯಶೋಧರ. “ಒಪ್ತಾ ಇಲ್ಲ. ಹಳೇ ಪಂಪಿನಲ್ಲಿ ಈ ಹೆಜ್ಜೇಲಿ ಐದನೇದನ್ನ ಬಿಚ್ಚಬೇಕಿತ್ತು. ನಾವು ಮುಚ್ಚು ಅಂತಿದೀವಿ. ನಾವೇ ತಪ್ಪು ಮಾಡ್ತಿದೀವಿ ಅಂದ್ಕೊಂಡಿದಾನೆ.”

“ಆಜ್ಞೆ ಅಂತ ಬರೀರಿ. ದೊಡ್ಡದಾಗಿ” ಎಂದ ಹಿಂದಿನಿಂದ ಒಬ್ಬ.

ಜಯಶೀಲ ಎದ್ದು ನಿಂತಳು. “ಹಂಗೆ ಬರೆದ್ರೆ ಸಾಯೋವರ್ಗೂ ಮಾಡಲ್ಲ ಅವ್ರು. ಯಾರ್ ಹೇಳಿದ್ರೂ ಕೇಳಲ್ಲ. ಯಾಕೆ ಅಂತ ಹೇಳ್ರಿ. ಯಾಕೆ ಅಂತ ಗೊತ್ತಾದ್ರೆ ಮಾಡ್ತಾರೆ.”

ಸೌದಾಮಿನಿ ಹಲಗೆಯ ಮೇಲೆ ಬಾಗಿದರು. ದಪ್ಪವೂ ಅಲ್ಲ, ತೆಳುವೂ ಅಲ್ಲ. ಮುಚ್ಚುವುದೂ ಅಲ್ಲ, ಬಿಚ್ಚುವುದೂ ಅಲ್ಲ. ಪಕ್ಕದಲ್ಲಿ ಕೂತು ಹೇಳಿದಂತೆ ಸಾಧಾರಣ ಗೆರೆಯಲ್ಲಿ ಎರಡೇ ಮಾತು ಬರೆದರು. ‘ಹೊಸ ಪಂಪು.’

ಇಪ್ಪತ್ತು ಸೆಕೆಂಡಿನಲ್ಲಿ ಕಿಡಿ ಅದನ್ನು ಅಲ್ಲಿ ನಡೆದು ತೋರಿಸಿತು. ಆಮೇಲೆ ಮೂರು ನಿಮಿಷ ಏನೂ ಬರಲಿಲ್ಲ. ತಿಪ್ಪೇಶ ಆಗ ಪಂಪಿನ ಹತ್ತಿರ ಹೋಗಿ ಅದರ ಮೈಯೆಲ್ಲ ಕೈಯಾಡಿಸಿ ನೋಡುತ್ತಿದ್ದ. ಬೋಲ್ಟುಗಳ ಜಾಗ ಬದಲಾಗಿತ್ತು. ಬಣ್ಣ ಹೊಸದು, ನುಣುಪಾಗಿತ್ತು. ಅವನು ವಾಪಸು ಬಂದು ‘ಹೌದು’ ಒತ್ತಿದ.

ಒಂದೂ ಐವತ್ತೆರಡಕ್ಕೆ ಹನ್ನೊಂದನೆಯ ಹೆಜ್ಜೆ ಮುಗಿಯಿತು. ವಿದ್ಯುತ್ತಿನ ಮಟ್ಟದ ಮುಳ್ಳು ಒಂದು ಸಲ ನಡುಗಿ ಮೇಲೆದ್ದಿತು. ಪಂಪು ತಿರುಗುತ್ತಿತ್ತು. ಎರಡು ಗಂಟೆ ದಾಟಿದ ಮೇಲೆ ಗಾಳಿಯ ಒತ್ತಡ ನಿಧಾನಕ್ಕೆ ಏರತೊಡಗಿತು. ಎರಡೂ ನಲವತ್ತಕ್ಕೆ ಗುಂಡಿಯ ಸುದ್ದಿ ಬಂತು: ಹೌದು, ಹೌದು, ಹೌದು, ಒಂದೊಂದು ಒತ್ತಿಗೂ ನಡುವೆ ಅಂತರ ಬಿಟ್ಟು. ಆಶ್ರಯ ಕೋಣೆಯ ಬಾಗಿಲು ತೆರೆದಿತ್ತು; ಮೂರು ಜನ ಒಬ್ಬೊಬ್ಬರಾಗಿ ಒತ್ತಿದ್ದರು.

ಕೊಠಡಿಯಲ್ಲಿ ಚಪ್ಪಾಳೆಯಾಯಿತು. ಇಬ್ಬರು ಅತ್ತರು. ಪದ್ಮಜಾ ಬಾಗಿ ಟೀಚರ ಎರಡೂ ಕೈಗಳನ್ನು ಹಿಡಿದುಕೊಂಡರು. ಸೌದಾಮಿನಿಗೆ ಸಂಕೋಚವಾಯಿತು. “ಇವಳಿಲ್ಲದಿದ್ದರೆ ನಾನು ಬರೀ ಬರ್ಕೊಂಡು ಕೂತಿರ್ತಿದ್ದೆ” ಎಂದು ಜಯಶೀಲಳ ಕಡೆ ತೋರಿಸಿದರು. ಜಯಶೀಲ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು.

ಮೂರೂ ಹತ್ತಕ್ಕೆ ಕಣಿವೆಹಟ್ಟಿಯ ಆಂಟೆನಾಕ್ಕೆ ಚಂದ್ರ ಮುಳುಗುತ್ತಾನೆ. ಬೇರೆ ದೇಶಗಳ ಕೇಂದ್ರಗಳನ್ನೂ ಬಿರುಗಾಳಿ ಹಾಳು ಮಾಡಿದ್ದರಿಂದ ಅಲ್ಲಿಗೆ ಸಂಪರ್ಕ ಕಡಿದಂತೆ. ಮೂರು ಗಂಟೆಗೆ ಸರಿಯಾಗಿ ಯಶೋಧರನ ಪರದೆಯಲ್ಲಿ ವಿಚಿತ್ರವಾದದ್ದು ಶುರುವಾಯಿತು. ಪೆಟ್ಟಿಗೆಯ ನಾಲ್ಕು ದಿಕ್ಕಿನ ಗುಂಡಿಗಳು ಒಂದೇ ಸಮನೆ ಒತ್ತಿಕೊಳ್ಳುತ್ತಿದ್ದವು. ಮೇಲೆ, ಮೇಲೆ, ಎಡ, ಕೆಳಗೆ, ಕೆಳಗೆ, ಬಲ.

“ಗುಂಡಿ ಕೆಟ್ಟಿರಬೇಕು” ಎಂದ ಅವನು.

ಸೌದಾಮಿನಿ ಮುಂದಕ್ಕೆ ಬಾಗಿದರು. “ಕೆಟ್ಟಿಲ್ಲ. ನಡೀತಿದಾನೆ. ಇದನ್ನೆಲ್ಲ ನಮ್ಮ ಇರುವೆಗೆ ಕೊಡಿ, ಬೇಗ.”

ಇಲ್ಲಿನ ಪೆಟ್ಟಿಗೆಯ ತೆರೆಯ ಮೇಲೆ ಇರುವೆ ಮೆಟ್ಟಿಲು ಮೆಟ್ಟಿಲಾಗಿ, ಮೂಲೆ ಮೂಲೆಯಾಗಿ ನಡೆಯತೊಡಗಿತು. ಸುತ್ತುವ ಗುಂಡಿ ಅಲ್ಲಿರಲಿಲ್ಲ. ಅವನಿಗೆ ಇದ್ದದ್ದು ನಾಲ್ಕೇ ದಿಕ್ಕು. ಆದರೂ ಒಂಬತ್ತು ನಿಮಿಷದಲ್ಲಿ ಸೊಟ್ಟಸೊಟ್ಟಗೆ ಮೂರು ಅಕ್ಷರ ನಿಂತವು.

ಯಾರ ಕೈ.

ಯಶೋಧರನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅಷ್ಟು ದೂರದಲ್ಲಿ, ಅರೆಗುರುಡನಾಗಿ, ಬೆರಳ ತುದಿಯಿಂದ ಓದಿದ ಮನುಷ್ಯನಿಗೆ ಅದು ಯಂತ್ರದ ಬರಹವಲ್ಲ, ಯಾರದೋ ಕೈಬರಹ ಎಂದು ತಿಳಿದಿತ್ತು.

“ಟೀಚರ್, ನಿಮ್ಮ ಹೆಸರು ಬರೀರಿ. ಇಪ್ಪತ್ತು ಸೆಕೆಂಡಿದೆ.”

ಸೌದಾಮಿನಿ ಬೆರಳು ಮಡಿಸಿ ಲೆಕ್ಕ ಹಾಕಿದರು. “ನನ್ನ ಹೆಸರಿಗೇ ಐವತ್ತು ಬೈಟು ಹೋಗುತ್ತೆ” ಎಂದು, ಹಲಗೆಯ ಮೇಲೆ ಬೇರೆಯೇ ಬರೆದರು. ‘ಕಣ್ಣು ತೊಳಿ.’

ಅದು ಹೋಯಿತು. ‘ಹೌದು’ ಬಂತು. ಆಮೇಲೆ ಹದಿನಾಲ್ಕನೆಯ ಪರದೆಯೂ ಖಾಲಿಯಾಯಿತು.

*

ಮರುದಿನ ಬೆಳಗ್ಗೆ ಯಶೋಧರ ಜೀಪು ತೆಗೆದುಕೊಂಡು ಹೋಗಿ ಸೌದಾಮಿನಿಯನ್ನು ಮತ್ತೆ ಕರೆತಂದ. ಚಂದ್ರ ಆಗಲೇ ನೆತ್ತಿಯ ಕಡೆಗೆ ಏರಿದ್ದ. ರಾತ್ರಿ ಪಾಳಿಯವರು ಅವರು ಬರೆದಿಟ್ಟಿದ್ದ ಅಕ್ಷರಗಳನ್ನೇ ಜೋಡಿಸಿ ವಿಚಾರಿಸಿದ್ದರು. ಮೂವರೂ ಕ್ಷೇಮ. ತಿಪ್ಪೇಶನ ಕಣ್ಣಿನ ಉರಿ ಇಳಿದಿತ್ತು. ಅಂಚುಗಳು ಇನ್ನೂ ಮಬ್ಬು. ಪೂರ್ತಿ ವಾಸಿಯಾಗಲು ಇನ್ನೂ ಒಂದು ವಾರ ಹಿಡಿಯಿತು.

ಅವರು ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದಂತೆ ನಾಲ್ಕು ದಿಕ್ಕಿನ ಗುಂಡಿಗಳು ಮತ್ತೆ ಶುರುವಾದವು. ಈ ಸಲ ಅವನ ಕೈ ಪಳಗಿತ್ತು. ಆರೇ ನಿಮಿಷದಲ್ಲಿ ಅದೇ ಮೂರು ಅಕ್ಷರ ಬಂದವು. ಯಾರ ಕೈ.

“ಬಿಡಲ್ಲ ಅಂತಾನೆ” ಎಂದರು ಪದ್ಮಜಾ, ನಗುತ್ತಾ. “ಇವತ್ತು ಏಳು ಗಂಟೆ ಸಮಯ ಇದೆ ಟೀಚರ್. ಬೈಟಿನ ನೆಪ ನಡೆಯಲ್ಲ.”

ಸೌದಾಮಿನಿ ಹಲಗೆ ಎಳೆದುಕೊಂಡರು. ನಿನ್ನೆ ಎರಡು ಗಂಟೆ ಕಾಲ ಒಂದೂ ಗೆರೆ ಅಲುಗದಂತೆ ಬರೆದ ಕೈ ಅದು. ಇಂದು ‘ಸೌ’ ಬರೆಯುವಾಗಲೇ ನಡುಗಿತು. ‘ದಾ’ದ ದೀರ್ಘ ಅಲೆಅಲೆಯಾಯಿತು. ‘ಮಿ’, ‘ನಿ’ ಎರಡೂ ಸಾಲಿನಿಂದ ತುಸು ಕೆಳಗಿಳಿದವು.

ಯಶೋಧರ ಮೆಲ್ಲಗೆ, “ಗೆರೆ ನಯ ಮಾಡೋ ಕೆಲಸ ಪ್ರೋಗ್ರಾಮಿನಲ್ಲೇ ಇದೆ ಟೀಚರ್. ಒತ್ತಲಾ? ನೆಟ್ಟಗಾಗುತ್ತೆ” ಎಂದ.

ಅವರು ತಮ್ಮ ಹೆಸರನ್ನು ಒಂದು ಕ್ಷಣ ನೋಡಿದರು.

“ಬೇಡಪ್ಪ. ಕೈ ಯಾರದು ಅಂತ ಕೇಳಿದಾನೆ. ಇದ್ದ ಹಾಗೇ ಹೋಗಲಿ” ಎಂದರು.

ಯಶೋಧರ ಕಳಿಸುವ ಗುಂಡಿ ಒತ್ತಿದ. ನಾಲ್ಕು ಲಕ್ಷ ಕಿಲೋಮೀಟರ್ ದೂರದ ಒಂದು ಮಬ್ಬು ತೆರೆಯ ಮೇಲೆ ಬಿಳಿಯ ಕಿಡಿಯೊಂದು ನಡುಗುತ್ತಾ ಹೊರಟಿತು, ಅದರ ಮೇಲೊಂದು ಬೆರಳು.